ಎಳೆಯರ ಚಿತ್ರಕಲೆಯೂ ಹೃದಯದ ಶಿಕ್ಷಣವೂ

ನಮ್ಮ ಪ್ರಾಥಮಿಕ ಶಾಲೆಗಳ ವೇಳಾಪತ್ರಿಕೆಯನ್ನು ಯಾರಾದರೂ ಕುತೂಹಲಕ್ಕಾಗಿ ನೋಡಿದರೆ, ಚಿತ್ರಕಲೆಯೆಂಬ ವಿಷಯವು ಅದರ ಯಾವುದೋ ಒಂದು ಮೂಲೆಯಲ್ಲಿ, ಬಹುಮಟ್ಟಿಗೆ ದಿನದ ಕೊನೆಯ ಅವಧಿಯಲ್ಲಿ, ಕರೆಯದೆ ಬಂದ ನೆಂಟನಂತೆ ಕುಳಿತಿರುವುದು ಕಾಣುತ್ತದೆ. ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಬಿಟ್ಟುಕೊಡುವುದು ಆ ಅವಧಿಯನ್ನೇ. ಒಬ್ಬ ಉಪಾಧ್ಯಾಯರು ರಜೆಯ ಮೇಲೆ ಹೋದರೆ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ, "ಗದ್ದಲ ಮಾಡದೆ ಏನಾದರೂ ಬರೆಯಿರಿ" ಎಂದು ಹೇಳುವುದೂ ಆ ಅವಧಿಯಲ್ಲಿಯೇ. ಗಣಿತದ ಪಾಠ ಎಂಟು ದಿನ ತಪ್ಪಿದರೆ ಶಾಲೆಯ ಬಾಗಿಲಿಗೆ ಬಂದು ಕೇಳುವ ತಂದೆಯುಂಟು. ಚಿತ್ರದ ಪಾಠ ವರ್ಷವೆಲ್ಲ ತಪ್ಪಿದರೂ ಕೇಳಿದ ತಂದೆಯನ್ನು ನಾವು ಕಂಡಿಲ್ಲ.

ಇದರಿಂದ ನಾಡಿಗೆ ಚಿತ್ರಕಾರರ ಅಭಾವವುಂಟಾದೀತೆಂಬ ಭಯ ನಮಗಿಲ್ಲ. ಚಿತ್ರಕಾರನಾಗತಕ್ಕವನು ಇದ್ದಿಲಿನ ಚೂರಿನಿಂದ ಮನೆಯ ಗೋಡೆಯ ಮೇಲೆ ಬರೆದಾದರೂ ಚಿತ್ರಕಾರನಾಗುತ್ತಾನೆ. ನಷ್ಟವಾಗುವುದು ಮುಂದೆ ಎಂದಿಗೂ ಕುಂಚವನ್ನು ಹಿಡಿಯದೆ ಇರತಕ್ಕ ಉಳಿದ ಮಕ್ಕಳಿಗೆ. ಒಕ್ಕಲಿಗನಾಗುವವನಿಗೆ, ಗುಮಾಸ್ತನಾಗುವವನಿಗೆ, ದಾದಿಯಾಗುವವಳಿಗೆ, ಅಮಲ್ದಾರನಾಗುವವನಿಗೆ. ತನ್ನ ಮನಸ್ಸಿನಲ್ಲಿ ಏಳುವ ಕೋಪ, ಅಂಜಿಕೆ, ದುಃಖಗಳನ್ನು ಗುರುತಿಸಿ ಒಂದು ಹದಕ್ಕೆ ತರುವ ಅಭ್ಯಾಸವೂ, ಪಕ್ಕದಲ್ಲಿ ಕುಳಿತವನ ಮನಸ್ಸನ್ನು ಕಂಡು ನಡೆದುಕೊಳ್ಳುವ ಅಭ್ಯಾಸವೂ ಆರೇಳು ವರ್ಷದ ಮಗುವಿಗೆ ಚಿತ್ರದ ಹಾಳೆಯ ಮೇಲೆ ದೊರೆಯುವಷ್ಟು ಸುಲಭವಾಗಿ ಬೇರೆಲ್ಲಿಯೂ ದೊರೆಯುವುದಿಲ್ಲ. ಆ ಮಗುವಿನ ಬಳಿ ಮಾತು ಕಡಿಮೆ, ಬಣ್ಣ ಹೆಚ್ಚು.

ಅಮೇರಿಕೆಯಲ್ಲಿ 1994ರಲ್ಲಿ ಸ್ಥಾಪಿತವಾದ ಒಂದು ಸಂಸ್ಥೆಯವರು ಇಂಥ ಅಭ್ಯಾಸಗಳಿಗೆ 'ಸಾಮಾಜಿಕ ಹಾಗೂ ಭಾವನಾತ್ಮಕ ಕಲಿಕೆ' ಎಂಬ ಹೆಸರನ್ನು ಪ್ರಚಾರಕ್ಕೆ ತಂದು, ತನ್ನನ್ನು ತಾನರಿಯುವುದು, ತನ್ನನ್ನು ತಾನು ತಡೆದುಕೊಳ್ಳುವುದು, ಪರರನ್ನರಿಯುವುದು, ಪರರೊಡನೆ ಹೊಂದಿ ಬಾಳುವುದು, ಹೊಣೆಯರಿತು ನಿರ್ಧಾರ ಮಾಡುವುದು ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ಹಿರಿಯರು ಇವೆಲ್ಲವನ್ನೂ ಸೇರಿಸಿ ಸಂಸ್ಕಾರವೆಂದು ಕರೆದರು. ಹೆಸರಿನ ವಿಷಯದಲ್ಲಿ ನಮಗೆ ಜಗಳವಿಲ್ಲ. ಕಲಿಸುವ ಬಗೆಯಲ್ಲಿಯೇ ಇರುವುದು ತೊಡಕು. ನಮ್ಮ ಶಾಲೆಗಳಲ್ಲಿ ನೀತಿಯನ್ನು ಬಾಯಿಂದ ಹೇಳಿ ಕಿವಿಗೆ ಮುಟ್ಟಿಸುವ ಪದ್ಧತಿ ಬೆಳೆದುಬಂದಿದೆ. ಸಿಟ್ಟಿನಿಂದ ಗೆಳೆಯನನ್ನು ಹೊಡೆದ ಹುಡುಗನಿಗೆ "ಸಿಟ್ಟು ಮಾಡಬಾರದು" ಎಂದು ಐವತ್ತು ಸಲ ಬರೆಯುವ ಶಿಕ್ಷೆಯನ್ನು ಕೊಟ್ಟರೆ, ಅವನು ಅದನ್ನು ಐವತ್ತು ಸಲವೂ ಸಿಟ್ಟಿನಿಂದಲೇ ಬರೆಯುತ್ತಾನೆಂಬುದು ಉಪಾಧ್ಯಾಯರಿಗೂ ತಿಳಿಯದ ಸಂಗತಿಯಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಇಪ್ಪತ್ತೈದು ಮಕ್ಕಳ ಒಂದು ತರಗತಿಯನ್ನು ಐದು ಗುಂಪು ಮಾಡಿ, ಅಂಗಡಿಯ ಕಂದು ಕಾಗದವನ್ನು ಉದ್ದಕ್ಕೆ ಅಂಟಿಸಿ ನೆಲದ ಮೇಲೆ ಹಾಸಿ, ಗುಂಪಿಗೆ ಒಂದು ಹಾಳೆಯಂತೆ ಕೊಟ್ಟು, ಊರ ಜಾತ್ರೆಯನ್ನು ಬರೆಯಹೇಳಿದರೆಂದು ಇಟ್ಟುಕೊಳ್ಳೋಣ. ಐವರಿಗೂ ತೇರನ್ನೇ ಬರೆಯುವ ಆಸೆ. ತೇರು ಒಂದೇ. ಕುಂಚಗಳು ಮೂರು, ಕೆಂಪು ಬಣ್ಣ ಒಂದೇ ತಟ್ಟೆ. ಮೊದಲ ಹತ್ತು ನಿಮಿಷ ಕೂಗಾಟವಲ್ಲದೆ ಬೇರೇನೂ ನಡೆಯದು. ಉಪಾಧ್ಯಾಯರು ಅನುಭವಸ್ಥರಾಗಿದ್ದರೆ ಆ ಕೂಗಾಟದಲ್ಲಿ ಕೂಡಲೆ ಕೈಹಾಕುವುದಿಲ್ಲ. ಆಮೇಲೆ ಒಬ್ಬನು ಗಾಲಿಯನ್ನು, ಇನ್ನೊಬ್ಬಳು ಕಳಸವನ್ನು, ಮತ್ತೊಬ್ಬನು ಹಗ್ಗ ಎಳೆಯುವವರನ್ನು ಬರೆಯುವುದೆಂದು ಅವರಲ್ಲಿಯೇ ಒಂದು ಒಡಂಬಡಿಕೆಯಾಗುತ್ತದೆ. ಗಾಲಿ ಬರೆದವನು ಅದನ್ನು ತೇರಿಗಿಂತ ದೊಡ್ಡದು ಮಾಡಿಬಿಟ್ಟರೆ ಕಳಸ ಬರೆಯುವವಳಿಗೆ ಹಾಳೆಯೇ ಸಾಲದು. ತನ್ನ ಕೆಲಸ ಪಕ್ಕದವಳ ಕೆಲಸವನ್ನು ಕೆಡಿಸಬಹುದೆಂಬ ಸತ್ಯವನ್ನು ಆ ಹುಡುಗನಿಗೆ ಯಾವ ನೀತಿಪಾಠವೂ ಅಷ್ಟು ಸ್ಪಷ್ಟವಾಗಿ ತಿಳಿಸಲಾರದು. ಏಕೆಂದರೆ ಇಲ್ಲಿ ಅದು ಅವನ ಕಣ್ಣೆದುರಿಗೇ ಬಿದ್ದಿದೆ, ಅವನ ಕೈಯಿಂದಲೇ ಆಗಿದೆ, ಸರಿಪಡಿಸುವುದಕ್ಕೂ ಅವನಿಗೆ ಅವಕಾಶವಿದೆ.

ಒಬ್ಬಳ ಕೈತಾಗಿ ನೀರಿನ ಬಟ್ಟಲು ಉರುಳಿ ಇನ್ನೊಬ್ಬನ ಚಿತ್ರದ ಮೇಲೆ ಹರಿಯುತ್ತದೆ. ಅಳು, ಆಪಾದನೆ, ಕ್ಷಮೆ ಕೇಳಲು ಹಟ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬರಿಗೆ ಆ ನೀರಿನ ಕಲೆಯನ್ನು ಜಾತ್ರೆಯ ಹೊಂಡವನ್ನಾಗಿ ಮಾಡಬಹುದೆಂದು ತೋರುತ್ತದೆ, ಅಳುತ್ತಿದ್ದವನೇ ಅದರಲ್ಲಿ ಮೀನುಗಳನ್ನು ಬರೆಯತೊಡಗುತ್ತಾನೆ. ಗಣಿತದಲ್ಲಿ ತಪ್ಪಾದರೆ ಕೆಂಪು ಗೆರೆ ಬೀಳುತ್ತದೆ, ಅಲ್ಲಿಗೆ ಅದು ಮುಗಿಯಿತು. ಚಿತ್ರದಲ್ಲಿ ಕೆಟ್ಟದ್ದನ್ನು ಮತ್ತೊಂದು ರೂಪದಲ್ಲಿ ಉಳಿಸಿಕೊಳ್ಳಲು ಹಾದಿಯಿದೆ. ಸೋಲನ್ನು ತಾಳಿಕೊಳ್ಳುವ ಶಕ್ತಿಯೆಂದು ದೊಡ್ಡವರು ಹೇಳುವುದು ಇದನ್ನೇ ಅಲ್ಲವೆ?

ಇನ್ನೂ ಒಂದು ಮಾತು. ತರಗತಿಯಲ್ಲಿ ಬಾಯಿಬಿಡದ ಮಗು ಒಂದಾದರೂ ಇರುತ್ತದೆ. ಮಂದಬುದ್ಧಿಯೆಂದು ಅದಕ್ಕೆ ಹೆಸರೂ ಬಿದ್ದಿರುತ್ತದೆ. ಜಾತ್ರೆಯ ಚಿತ್ರದಲ್ಲಿ ಬೇರೆ ಯಾರಿಗೂ ನೆನಪಾಗದ ಬೆಂಡು-ಬತ್ತಾಸಿನವನನ್ನು, ಅವನ ಹೆಗಲಿನ ಚೌಕವನ್ನು, ತಕ್ಕಡಿಯನ್ನು ಬರೆದು ತೋರಿಸುವುದು ಅನೇಕ ವೇಳೆ ಆ ಮಗುವೇ. ಅಂದಿನಿಂದ ಗುಂಪಿನಲ್ಲಿ ಅದರ ಸ್ಥಾನ ಬೇರೆಯಾಗುತ್ತದೆ. ಅದರಂತೆಯೇ ಯಾವುದೋ ಒಂದು ಮಗು ತನ್ನ ಮನೆಯವರನ್ನು ಗುಡಿಯಿಂದ ಬಹುದೂರ, ಹಾಳೆಯ ಅಂಚಿನಲ್ಲಿ ಬರೆದಿಟ್ಟರೆ, ಉಳಿದ ನಾಲ್ವರು "ಇವರೇಕೆ ಅಲ್ಲಿ ನಿಂತಿದ್ದಾರೆ?" ಎಂದು ಕೇಳದೆ ಇರುವುದಿಲ್ಲ. ಆ ಪ್ರಶ್ನೆಗೆ ಊರಿನ ಹಿರಿಯರು ಉತ್ತರ ಕೊಡಲಾರರು. ಆದರೆ ಒಂದೇ ತಟ್ಟೆಯ ಬಣ್ಣದಲ್ಲಿ ಕುಂಚ ಅದ್ದಿದ ಮಕ್ಕಳು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಸಣ್ಣ ಸಂಗತಿಯೆಂದು ನಾವು ಎಣಿಸುವುದಿಲ್ಲ.

ಇಷ್ಟೆಲ್ಲ ಗುಣವಿರುವ ವಿಷಯವು ನಮ್ಮಲ್ಲಿ ಇಷ್ಟು ನಿಸ್ಸಾರವಾದುದು ಹೇಗೆ ಎಂಬುದಕ್ಕೆ ಒಂದು ಇತಿಹಾಸವಿದೆ. ಆಂಗ್ಲರ ಆಳಿಕೆಯಲ್ಲಿ ಮದರಾಸಿನಲ್ಲಿ 1850ರಲ್ಲಿ, ಕಲಕತ್ತೆಯಲ್ಲಿ 1854ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಕಲಾಶಾಲೆಗಳು ಹುಟ್ಟಿದವು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯೇ ಅವುಗಳಿಗೆ ಮೇಲ್ಪಂಕ್ತಿಯಾಯಿತು. ಅಚ್ಚಿನ ಚಿತ್ರವನ್ನು ನೋಡಿ ಗೆರೆಗೆ ಗೆರೆ ಇಳಿಸುವುದು, ಗಚ್ಚಿನ ಬೊಂಬೆಯನ್ನು ನೋಡಿ ನೆರಳು-ಬೆಳಕು ಹಾಕುವುದು, ಅಳತೆ ತಪ್ಪದಂತೆ ಬರೆಯುವುದು, ಇವೇ ಅದರ ಜೀವಾಳ. ಪ್ರಭುತ್ವಕ್ಕೆ ನಕ್ಷೆಗಾರರೂ ನಮೂನೆ ಬರೆಯುವವರೂ ಬೇಕಾಗಿದ್ದರು. ಅದಕ್ಕೆ ಈ ಶಿಕ್ಷಣ ತಕ್ಕುದಾಗಿಯೇ ಇತ್ತು. ಆದರೆ ಅದರ ನೆರಳು ಶಾಲೆಗಳ ಮೇಲೆಯೂ ಬಿದ್ದು, ಡ್ರಾಯಿಂಗ್ ಮಾಸ್ತರರು ಕರಿಹಲಗೆಯ ಮೇಲೆ ಬರೆದ ಹೂಜಿಯನ್ನು ನಲವತ್ತು ಮಕ್ಕಳು ನಲವತ್ತು ಪುಸ್ತಕಗಳಲ್ಲಿ ಇಳಿಸುವುದೇ ಚಿತ್ರಕಲೆಯೆನಿಸಿತು. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಪರಂಪರೆಯು ಬೆಳೆದುಬಂದದ್ದೂ ಈ ನೆಲದಿಂದಲೇ. ಅವುಗಳಿಂದ ಅನೇಕ ಬಡ ಹುಡುಗರಿಗೆ ಜೀವನೋಪಾಯ ದೊರೆತಿದೆಯೆಂಬುದನ್ನು ನಾವು ಮರೆತಿಲ್ಲ. ಆದರೆ ದೊಡ್ಡ ಹುಡುಗರ ಪರೀಕ್ಷೆಗೆ ಸಲ್ಲುವ ಕ್ರಮವು ಆರು ವರ್ಷದ ಮಗುವಿಗೆ ಸಲ್ಲಬೇಕೆಂಬ ನಿಯಮವೆಲ್ಲಿದೆ?

ಇದರ ಫಲವನ್ನು ನೋಡಬೇಕಾದರೆ ಯಾವ ಊರಿನ ಶಾಲೆಗಾದರೂ ಹೋಗಿ ಮಕ್ಕಳಿಗೆ ಒಂದು ಚಿತ್ರ ಬರೆಯಹೇಳಬೇಕು. ಎರಡು ಮುಕ್ಕೋನದ ಗುಡ್ಡಗಳು, ಅವುಗಳ ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ಹೊಳೆಯ ದಡದಲ್ಲಿ ಒಂದು ಮನೆ, ಮನೆಯ ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಕಾಗೆಗಳು! ಮಲೆನಾಡಿನ ಮಗು ಹೀಗೆ ಬರೆದರೆ ಒಪ್ಪಬಹುದು. ಗುಡ್ಡವೆಂಬುದನ್ನೇ ಕಾಣದ ವಿಜಯಪುರದ ಬಯಲಿನ ಮಗುವೂ ಇದನ್ನೇ ಬರೆಯುತ್ತದೆ. ತಾನು ಕಂಡದ್ದು, ತನಗನ್ನಿಸಿದ್ದು ಚಿತ್ರಕ್ಕೆ ಯೋಗ್ಯವಲ್ಲವೆಂಬ ಪಾಠವನ್ನು ಅದು ಯಾರಿಂದಲೋ ಕಲಿತಿದೆ. ಅಂಗಡಿಯಲ್ಲಿ ಮಾರುವ, ಅಂಚುಗೆರೆ ಮೊದಲೇ ಹಾಕಿದ, ಒಳಗೆ ಬಣ್ಣ ತುಂಬುವ ಪುಸ್ತಕಗಳು ಆ ಪಾಠವನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ.

ಈ ಕಟ್ಟನ್ನು ಯೂರೋಪಿನಲ್ಲಿ ಮೊದಲು ಸಡಿಲಿಸಿದವರಲ್ಲಿ ವಿಯೆನ್ನಾ ನಗರದ ಫ್ರಾಂಟ್ಸ್ ಚಿಝೆಕ್ ಎಂಬವರು ಮುಖ್ಯರು. 1897ರಲ್ಲಿ ಅವರು ಮಕ್ಕಳಿಗಾಗಿಯೇ ಒಂದು ಚಿತ್ರದ ತರಗತಿಯನ್ನು ತೆರೆದು, ಮಗುವಿನ ಚಿತ್ರವು ದೊಡ್ಡವರ ಚಿತ್ರದ ಕೆಟ್ಟ ನಕಲಲ್ಲ, ಅದಕ್ಕೆ ಅದರದೇ ಆದ ಧರ್ಮವಿದೆಯೆಂದು ಸಾರಿದರು. ಆ ಚಿತ್ರಗಳ ಪ್ರದರ್ಶನಗಳು ಮುಂದೆ ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ನಡೆದು, ಉಪಾಧ್ಯಾಯರ ಕಣ್ಣನ್ನು ತೆರೆಯಿಸಿದವು. ಆದರೆ ಚಿತ್ರಕಲೆಯು ಮಗುವಿನ ಹೃದಯಕ್ಕೆ ಏನು ಮಾಡಬಲ್ಲುದೆಂಬುದರ ಕಠಿನತಮ ಪರೀಕ್ಷೆ ನಡೆದದ್ದು ಅವರ ತರಗತಿಯಲ್ಲಲ್ಲ. ಅದು ಅವರಲ್ಲಿ ಸ್ವಲ್ಪ ಕಾಲ ಕಲಿತ ಒಬ್ಬ ಹೆಣ್ಣುಮಗಳ ಪಾಲಿಗೆ ಬಂದಿತು.

ಆಕೆಯ ಹೆಸರು ಫ್ರೀಡಲ್ ಡಿಕ್ಕರ್. 1898ರಲ್ಲಿ ವಿಯೆನ್ನಾದಲ್ಲಿ ಯೆಹೂದಿ ಮನೆತನದಲ್ಲಿ ಜನಿಸಿ, ವೈಮಾರಿನ ಪ್ರಸಿದ್ಧವಾದ ಬೌಹೌಸ್ ಕಲಾಶಾಲೆಯಲ್ಲಿ ವ್ಯಾಸಂಗ ಮಾಡಿ, ಚಿತ್ರ, ನೆಯ್ಗೆ, ರಂಗಸಜ್ಜಿಕೆ ಮುಂತಾದ ಅನೇಕ ಕಲೆಗಳಲ್ಲಿ ಪರಿಣತೆಯೆನಿಸಿದವರು. ಪಾವೆಲ್ ಬ್ರಾಂಡೈಸ್ ಎಂಬವರನ್ನು ಮದುವೆಯಾಗಿ ಚೆಕೊಸ್ಲೊವಾಕಿಯದಲ್ಲಿ ನೆಲೆಸಿದ್ದ ಆಕೆಯನ್ನೂ ಗಂಡನನ್ನೂ ನಾಜಿಗಳು 1942ರ ಡಿಸೆಂಬರಿನಲ್ಲಿ ತೆರೆಜಿನ್ ಎಂಬ ಕೋಟೆಯೂರಿನ ಬಂದಿವಾಸಕ್ಕೆ ಸಾಗಿಸಿದರು. ಅಲ್ಲಿ ತಾಯ್ತಂದೆಗಳಿಂದ ಬೇರ್ಪಡಿಸಲ್ಪಟ್ಟ ಸಹಸ್ರಾರು ಮಕ್ಕಳಿದ್ದರು. ಹಸಿವು, ಚಳಿ, ರೋಗ; ಇವೆಲ್ಲಕ್ಕಿಂತ ಮಿಗಿಲಾಗಿ, ಮುಂದಿನ ರೈಲುಗಾಡಿಯಲ್ಲಿ ಪೂರ್ವದಿಕ್ಕಿಗೆ ಯಾರನ್ನು ಕಳುಹಿಸುವರೋ ಎಂಬ ಭೀತಿ. ಇಂಥಲ್ಲಿ ಆಕೆ ಚಿತ್ರದ ತರಗತಿಯನ್ನು ನಡೆಸಿದರು. ಕಾಗದವಿಲ್ಲದೆ ಕಚೇರಿಯ ರದ್ದಿ ನಮೂನೆಗಳ ಬೆನ್ನು, ಸುತ್ತುವ ಕಾಗದ, ಏನು ಸಿಕ್ಕರೆ ಅದು.

ಆಕೆಯ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಮಕ್ಕಳಿಗೆ "ನಿಮ್ಮ ದುಃಖವನ್ನು ಬರೆಯಿರಿ" ಎಂದು ಆಕೆ ಅಪ್ಪಣೆ ಕೊಡಲಿಲ್ಲ. ಮೊದಲು ಕೈ ಸಡಿಲವಾಗುವಂತೆ, ಲಯಕ್ಕೆ ಸರಿಯಾಗಿ ಗೆರೆಗಳನ್ನೆಳೆಯುವ ಅಭ್ಯಾಸ ಮಾಡಿಸುತ್ತಿದ್ದರು; ಹೂವು, ಬಟ್ಟಲು ಮುಂತಾದ ಸಾಮಾನ್ಯ ವಸ್ತುಗಳನ್ನು ನಿಟ್ಟಿಸಿ ನೋಡುವುದನ್ನು ಕಲಿಸುತ್ತಿದ್ದರು; ಬಣ್ಣದ ಕಾಗದದ ತುಣುಕುಗಳನ್ನು ಹರಿದು ಅಂಟಿಸಿ ಚಿತ್ರ ಮಾಡಿಸುತ್ತಿದ್ದರು. ದೊಡ್ಡವರ ಅಭಿರುಚಿಯನ್ನು ಮಗುವಿನ ಮೇಲೆ ಹೇರಬಾರದೆಂದು ಅಲ್ಲಿಯ ಉಪಾಧ್ಯಾಯರ ಮುಂದೆ 1943ರಲ್ಲಿ ಮಕ್ಕಳ ಚಿತ್ರಗಳನ್ನು ಕುರಿತು ಉಪನ್ಯಾಸವನ್ನೂ ಮಾಡಿದರು. ಚಿತ್ರಗಳ ಮೇಲೆ ಮಕ್ಕಳ ಹೆಸರುಗಳಿವೆ. ಸಾಗಣೆಯ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿ ಇಳಿದಿದ್ದ ಮಗುವಿಗೆ ವಾರಕ್ಕೊಮ್ಮೆ ಹಾಳೆಯ ಮೂಲೆಯಲ್ಲಿ ತನ್ನ ಹೆಸರನ್ನು ತಾನೇ ಬರೆಯುವ ಸಂದರ್ಭ ಒದಗಿತೆಂಬುದನ್ನು ನೆನೆದರೆ, ಚಿತ್ರಕಲೆಯನ್ನು ಕಾಲಹರಣವೆನ್ನುವವರ ಬಾಯಿ ಕಟ್ಟಬೇಕು. ಆ ಚಿತ್ರಗಳಲ್ಲಿ ಬಂದಿವಾಸದ ಮಂಚಗಳೂ ಕಾವಲಿನವರೂ ಇಲ್ಲವೆಂದಲ್ಲ. ಆದರೆ ಹೆಚ್ಚಾಗಿ ಕಾಣುವುದು ಬಿಟ್ಟುಬಂದ ಮನೆ, ತೋಟ, ಹೂವು, ಊಟಕ್ಕಿಟ್ಟ ಮೇಜು.

1944ರ ಸೆಪ್ಟೆಂಬರಿನಲ್ಲಿ ಗಂಡನನ್ನು ಸಾಗಿಸಲಾಗಿ, ಫ್ರೀಡಲ್ ತಾವಾಗಿಯೇ ಮುಂದಿನ ಗಾಡಿಗೆ ಹೆಸರು ಕೊಟ್ಟರು. ಅಕ್ಟೋಬರಿನಲ್ಲಿ ಔಶ್ವಿಟ್ಸಿನಲ್ಲಿ ಅವರ ಕೊಲೆಯಾಯಿತು. ಗಂಡ ಬದುಕುಳಿದರು. ಹೊರಡುವ ಮೊದಲು ಎರಡು ಪೆಟ್ಟಿಗೆಗಳಲ್ಲಿ ತುಂಬಿ ಅಡಗಿಸಿಟ್ಟ ಸುಮಾರು 4,500 ಚಿತ್ರಗಳು ಯುದ್ಧಾನಂತರ ಪ್ರಾಗ್ ನಗರವನ್ನು ಸೇರಿ, ಅಲ್ಲಿಯ ಯೆಹೂದಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿವೆ. ಚಿತ್ರ ಬರೆದ ಮಕ್ಕಳಲ್ಲಿ ಬಹುಪಾಲು ಜನ ಉಳಿಯಲಿಲ್ಲ. ಕಲೆಯು ಅವರ ಪ್ರಾಣವನ್ನು ಉಳಿಸಲಾರದಾಯಿತು. ಅಂಥ ಸುಳ್ಳು ಹಿರಿಮೆಯನ್ನು ನಾವು ಅದಕ್ಕೆ ಕಟ್ಟುವುದಿಲ್ಲ. ಆದರೆ ಇದ್ದಷ್ಟು ದಿನ ಅವರು ಮಕ್ಕಳಾಗಿಯೇ ಇರುವುದಕ್ಕೆ ಅದರಿಂದ ಅನುಕೂಲವಾಯಿತು.

ಆ ವರ್ಷವೇ, ಎಂದರೆ 1944ರಲ್ಲಿ, ನಮ್ಮ ದೇಶದಲ್ಲಿ ಇಪ್ಪತ್ಮೂರರ ಪ್ರಾಯದ ಒಬ್ಬ ತರುಣ ಕಲಾವಿದರು ವರ್ಧಾದ ಸಮೀಪದ ಸೇವಾಗ್ರಾಮಕ್ಕೆ ಬಂದು ಶಾಲೆಯ ಮಕ್ಕಳಿಗೆ ಚಿತ್ರ ಕಲಿಸತೊಡಗಿದರು. ಅವರೇ ಶ್ರೀ ದೇವಿಪ್ರಸಾದರು. ಶಾಂತಿನಿಕೇತನದಲ್ಲಿ ಗುರುದೇವ ರವೀಂದ್ರರು 1919ರಲ್ಲಿ ತೆರೆದ ಕಲಾಭವನದಲ್ಲಿ ಆಚಾರ್ಯ ನಂದಲಾಲ ಬಸುಗಳ ಕೈಕೆಳಗೆ ಅವರು ಕಲಿತಿದ್ದರು. ಸೇವಾಗ್ರಾಮದ ಶಾಲೆಯ ಹಿನ್ನೆಲೆಯನ್ನು ವಾಚಕರು ಬಲ್ಲರು. 1937ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಮಹಾತ್ಮಾಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಪರಿಷತ್ತು ಕೂಡಿ, ಡಾ॥ ಝಾಕಿರ್ ಹುಸೇನರ ಸಮಿತಿಯು ಯೋಜನೆಯನ್ನು ಸಿದ್ಧಪಡಿಸಿ, ಹಿಂದುಸ್ತಾನೀ ತಾಲೀಮೀ ಸಂಘವು ಅದನ್ನು ಕಾರ್ಯಕ್ಕೆ ತಂದಿತು. ನೂಲುವುದು, ನೇಯುವುದು, ಬೇಸಾಯ ಇವುಗಳ ಮೂಲಕ ವಿದ್ಯೆ ಬರಬೇಕೆಂಬ ಆ ಯೋಜನೆಯನ್ನು ಕುರಿತು ಆಗ ಪರವೂ ವಿರೋಧವೂ ಆದ ಚರ್ಚೆ ಬಹಳ ನಡೆಯಿತು. ತಕಲಿಯ ನೂಲಿನ ಲೆಕ್ಕವನ್ನು ಕುರಿತು ಎಲ್ಲರೂ ಮಾತಾಡಿದರು. ಅದೇ ಶಾಲೆಯಲ್ಲಿ ಬಣ್ಣದ ತಟ್ಟೆಯನ್ನು ಹಿಡಿದು ಕುಳಿತವರ ಕಡೆಗೆ ಮಾತ್ರ ಹೆಚ್ಚು ಜನರ ಲಕ್ಷ್ಯ ಹೋಗಲಿಲ್ಲ.

ದೇವಿಪ್ರಸಾದರು 1962ರ ವರೆಗೆ, ಹದಿನೆಂಟು ವರ್ಷ, ಅಲ್ಲಿ ದುಡಿದರು. ಮಕ್ಕಳ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ನೋಡಿ, ಮಗುವಿನ ಬೆಳವಣಿಗೆಗೆ ತಕ್ಕಂತೆ ಚಿತ್ರವೂ ಹಂತಹಂತವಾಗಿ ಬದಲಾಗುವುದೆಂದೂ, ಆ ಹಂತಗಳನ್ನು ಉಪಾಧ್ಯಾಯನು ಅವಸರಪಡಿಸಬಾರದೆಂದೂ ಅವರು ಪ್ರತಿಪಾದಿಸಿದರು. ಅವರ ವಿಚಾರದ ತಿರುಳು ಇನ್ನೂ ಆಳವಾದದ್ದು. ಮನುಷ್ಯನಲ್ಲಿ ಕಟ್ಟುವ ಶಕ್ತಿಗೆ ಹರಿಯಲು ಕಾಲುವೆಯಿಲ್ಲದಿದ್ದರೆ ಅದೇ ಕೆಡಹುವ ಶಕ್ತಿಯಾಗಿ ತಿರುಗುವುದೆಂದೂ, ಆದುದರಿಂದ ಅಹಿಂಸೆಯನ್ನು ನಂಬುವವರು ಮಕ್ಕಳ ಕಲೆಯನ್ನು ಅಲಂಕಾರವೆಂದಲ್ಲ, ಶಿಕ್ಷಣದ ಅಡಿಗಲ್ಲೆಂದು ಭಾವಿಸಬೇಕೆಂದೂ ಅವರು ವಾದಿಸಿದರು. ಇಂಗ್ಲೆಂಡಿನ ಹರ್ಬರ್ಟ್ ರೀಡ್ ಅವರು 1943ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಇದೇ ದಿಕ್ಕಿನ ವಿಚಾರವಿದೆ. ದೇವಿಪ್ರಸಾದರ ಮುಂದಿನ ಬಾಳೇ ಈ ವಾದಕ್ಕೆ ಭಾಷ್ಯದಂತಿದೆ: ಸೇವಾಗ್ರಾಮವನ್ನು ಬಿಟ್ಟ ಮೇಲೆ ಅವರು ಲಂಡನ್ನಿನಲ್ಲಿ ಯುದ್ಧವಿರೋಧಿಗಳ ಅಂತರರಾಷ್ಟ್ರೀಯ ಸಂಘದ ಕಾರ್ಯದರ್ಶಿಯಾದರು. ಕಲೆಯೇ ಶಿಕ್ಷಣದ ತಳಹದಿಯೆಂಬ ಅವರ ಗ್ರಂಥವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1998ರಲ್ಲಿ ಪ್ರಕಟಿಸಿತು. 2011ರಲ್ಲಿ ಅವರು ದಿವಂಗತರಾದರು.

ಇಂಥ ಉದಾಹರಣೆಗಳು ಮಹಾಪುರುಷರಿಗೆ ಸಲ್ಲುವವು, ಸಾಮಾನ್ಯ ಶಾಲೆಯಲ್ಲಿ ಏನಾದೀತು ಎಂದು ಅಂಕೆ-ಸಂಖ್ಯೆಗಳನ್ನು ಬಯಸುವ ಅಧಿಕಾರಿಗಳು ಕೇಳಬಹುದು. ಕೇಳುವುದು ನ್ಯಾಯವೇ. ಅಮೇರಿಕೆಯ ಹ್ಯೂಸ್ಟನ್ ನಗರದಲ್ಲಿ 42 ಶಾಲೆಗಳನ್ನು ಆರಿಸಿಕೊಂಡು, ಚೀಟಿಯೆತ್ತುವ ರೀತಿಯಲ್ಲಿ ಅರ್ಧದಷ್ಟು ಶಾಲೆಗಳಿಗೆ ಚಿತ್ರ, ನಾಟಕ, ಸಂಗೀತ, ನೃತ್ಯಗಳ ಶಿಕ್ಷಣವನ್ನು ಹೆಚ್ಚಾಗಿ ಒದಗಿಸಿ, 3ರಿಂದ 8ನೆಯ ತರಗತಿಯ ವರೆಗಿನ 10,548 ಮಕ್ಕಳನ್ನು ಪರೀಕ್ಷಿಸಿದ ವರದಿಯೊಂದು 2019ರಲ್ಲಿ ಹೊರಬಿದ್ದಿತು. ಶಿಸ್ತುಭಂಗಕ್ಕೆ ಗುರಿಯಾದ ಮಕ್ಕಳ ಪ್ರಮಾಣವು ಅದರಿಂದ ಶೇಕಡ 3.6 ಅಂಶಗಳಷ್ಟು ಇಳಿಯಿತು. ಬರವಣಿಗೆಯ ಪರೀಕ್ಷೆಯಲ್ಲಿ ಸುಧಾರಣೆ ಕಂಡಿತು. ಪರರಲ್ಲಿ ಅನುಕಂಪ ತೋರುವ ಗುಣವೂ ಸ್ವಲ್ಪಮಟ್ಟಿಗೆ ಹೆಚ್ಚಿತು. ಈ ಅಂಕಿಗಳು ದೊಡ್ಡವಲ್ಲ, ಚಿತ್ರಕಲೆಯೊಂದರದೇ ಫಲವೂ ಅಲ್ಲ. ಆದರೆ ಬೆತ್ತದಿಂದಲೂ ಬುದ್ಧಿವಾದದಿಂದಲೂ ಇಂಥ ಫಲ ಇಷ್ಟು ಅಗ್ಗವಾಗಿ ಬಂದ ನಿದರ್ಶನವನ್ನು ಯಾರಾದರೂ ತೋರಿಸಿದರೆ ನಾವು ಕೃತಜ್ಞರಾಗಿರುವೆವು.

ಈಗ ನಮ್ಮ ಶಾಸನದ ಸ್ಥಿತಿಯನ್ನು ನೋಡೋಣ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು, ಹತ್ತನೆಯ ತರಗತಿಯ ವರೆಗೆ ಕಲಾಶಿಕ್ಷಣ ಕಡ್ಡಾಯವಾಗಿರಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಎಲ್ಲ ಪಾಠಗಳೊಡನೆ ಹೊಂದಿಸಬೇಕೆಂದು ಉಪದೇಶಿಸಿತು. ಉಪದೇಶಗಳಿಗೆ ಕೊರತೆಯಿಲ್ಲ. ಆದರೆ ನ್ಯಾಯಾಲಯದಲ್ಲಿ ನಿಲ್ಲತಕ್ಕದ್ದು 2009ರ ಶಿಕ್ಷಣದ ಹಕ್ಕಿನ ಕಾನೂನು. ಅದರ ಅನುಸೂಚಿಯನ್ನು ತೆರೆದು ಓದಿದರೆ, 6ರಿಂದ 8ನೆಯ ತರಗತಿಗಳಿಗೆ, ಅದೂ ದಾಖಲೆ ನೂರಕ್ಕೆ ಮೀರಿದ ಶಾಲೆಗಳಿಗೆ, ಕಲಾಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕರಿರಬೇಕೆಂದು ಕಾಣುತ್ತದೆ. 1ರಿಂದ 5ನೆಯ ತರಗತಿಗಳ ವಿಷಯದಲ್ಲಿ ಮಕ್ಕಳ ಸಂಖ್ಯೆಗೆ ತಕ್ಕ ಉಪಾಧ್ಯಾಯರ ಲೆಕ್ಕವಿದೆ, ಕಲೆಯ ಮಾತಿಲ್ಲ. ಮಗುವಿನ ಮನಸ್ಸು ಹಸಿಮಣ್ಣಿನಂತಿರುವ ಐದು ವರ್ಷಗಳಲ್ಲಿ ಏನೂ ಇಲ್ಲ. ಅದು ಗಟ್ಟಿಯಾಗತೊಡಗಿದ ಮೇಲೆ, ದೊಡ್ಡ ಶಾಲೆಯಾದರೆ ಮಾತ್ರ, ಅರ್ಧ ವೇಳೆಯ ಒಬ್ಬರು! ಕುಂಬಾರನು ಈ ಕ್ರಮವನ್ನು ಕೇಳಿದರೆ ನಕ್ಕಾನು. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳೆಲ್ಲವೂ ಈ ನಿಯಮದ ಹೊರಗೆ ಬೀಳುತ್ತವೆಂಬುದನ್ನು ಶಾಸನ ಸಭೆಯ ಸದಸ್ಯರು ಗಮನಿಸಬೇಕು.

ಶಾಲೆಗೊಬ್ಬ ಚಿತ್ರಕಲಾ ಪದವೀಧರರನ್ನು ಕೊಡಿರೆಂದು ಕೂಡಲೆ ಕೇಳುವುದು ವ್ಯವಹಾರಜ್ಞಾನವಲ್ಲವೆಂದು ನಾವು ಬಲ್ಲೆವು. ಆ ಕೆಲಸಕ್ಕೆ ಅದು ಅಷ್ಟಾಗಿ ಬೇಕಾದುದೂ ಅಲ್ಲ. ಕಿರಿಯ ತರಗತಿಯ ಉಪಾಧ್ಯಾಯಿನಿಗೆ ತಾನು ಚೆನ್ನಾಗಿ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಮಕ್ಕಳು ಕೂಡಿ ಕೆಲಸ ಮಾಡುವಾಗ ಯಾವಾಗ ಸುಮ್ಮನಿರಬೇಕು, ಯಾವಾಗ ನಡುವೆ ಬರಬೇಕು ಎಂಬುದನ್ನು ಆಕೆ ತಿಳಿದಿದ್ದರೆ ಸಾಕು. ಇದನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ ಕಲಿಸಬಹುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ ನಾಡಿನ ಉದ್ದಗಲಕ್ಕೆ ಹಬ್ಬಿದ ನಲಿ-ಕಲಿ ಪದ್ಧತಿಯಿಂದ, ನೆಲದ ಮೇಲೆ ಗುಂಪಾಗಿ ಕುಳಿತು ಕಲಿಯುವುದು ನಮ್ಮ ಸರಕಾರಿ ಶಾಲೆಗಳ ಎಳೆಯ ಮಕ್ಕಳಿಗೆ ಹೊಸತಾಗಿಯೂ ಉಳಿದಿಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ಮಗು ಕಪ್ಪು ಬಣ್ಣವನ್ನು ಬಳಿದ ಕೂಡಲೆ ಅದರ ಮನೆಯಲ್ಲಿ ಏನೋ ಅನರ್ಥವಿದೆಯೆಂದು ಊಹಿಸಿ, ತಾಯಿಯನ್ನು ಕರೆಯಿಸಿ ವಿಚಾರಣೆ ಮಾಡುವ ಅರೆಬೆಂದ ಮನಶ್ಶಾಸ್ತ್ರವು ನಮ್ಮ ಶಾಲೆಗಳಿಗೆ ಬಾರದಿರಲಿ. ಬಹಳ ಸಲ ಕಪ್ಪು ಬಣ್ಣ ಬಳಿದದ್ದಕ್ಕೆ ಕಾರಣ, ಉಳಿದ ಬಣ್ಣಗಳು ಮುಗಿದು ಹೋದದ್ದೇ ಆಗಿರುತ್ತದೆ.

ಸ್ಪರ್ಧೆಗಳ ವಿಷಯವನ್ನು ಹೇಳದೆ ಗತ್ಯಂತರವಿಲ್ಲ. ನಮ್ಮಲ್ಲಿ ಮಕ್ಕಳ ಚಿತ್ರಕಲೆಯೆಂದರೆ ಸ್ಪರ್ಧೆಯೆಂದೇ ಅರ್ಥವಾಗಿದೆ. ಪ್ರತಿಭಾ ಕಾರಂಜಿಯಲ್ಲಿ ಸ್ಪರ್ಧೆ, ರಾಷ್ಟ್ರೀಯ ಹಬ್ಬಗಳಲ್ಲಿ ಸ್ಪರ್ಧೆ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ಸ್ಪರ್ಧೆ. ನೂರು ಮಕ್ಕಳು ಬಿಸಿಲಲ್ಲಿ ಕುಳಿತು ಬರೆಯುತ್ತಾರೆ; ಹಿಂದಿನಿಂದ ತಾಯ್ತಂದೆಗಳು ಬಗ್ಗಿ ಬಣ್ಣ ಸೂಚಿಸುತ್ತಾರೆ; ಮೂವರಿಗೆ ಬಹುಮಾನ, ತೊಂಬತ್ತೇಳು ಮಂದಿಗೆ ತಮಗೆ ಚಿತ್ರ ಬಾರದೆಂಬ ಅರಿವು. ದೊಡ್ಡ ಹುಡುಗರಿಗೆ ಸ್ಪರ್ಧೆಯಿಂದ ಉತ್ಸಾಹ ಬರುವುದಾದರೆ ಬರಲಿ. ಹತ್ತು ವರ್ಷದೊಳಗಿನವರನ್ನು ಅದರಿಂದ ಬಿಡುಗಡೆ ಮಾಡುವುದು ಒಳ್ಳೆಯದು. ಅದಕ್ಕೆ ಬದಲು ಊರಿನ ಎಲ್ಲ ಮಕ್ಕಳು ಕೂಡಿ ಪಂಚಾಯತಿ ಕಟ್ಟಡದ ಗೋಡೆಯೊಂದನ್ನು ಬರೆಯಲಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ಮಾತನ್ನು ಯಾರೂ ಹೊಸದಾಗಿ ಹೇಳಬೇಕಾದುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಹುಡುಗರು ಕೆರೆಯ ಮಣ್ಣನ್ನು ತಂದು ಹದಮಾಡಿ ಎತ್ತುಗಳನ್ನು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಓಣಿಯಲ್ಲಿ ಕೂಡಿ ಗುಳ್ಳವ್ವನನ್ನು ಮಾಡಿ ಗುಲಗಂಜಿಯಿಂದ ಅಲಂಕರಿಸಿ ಹಾಡುತ್ತಾರೆ. ಅಲ್ಲಿ ಪರೀಕ್ಷಕರಿಲ್ಲ, ಅಂಕಗಳಿಲ್ಲ. ಸಣ್ಣವಳಿಗೆ ದೊಡ್ಡವಳು ತೋರಿಸಿಕೊಡುತ್ತಾಳೆ. ಈ ಮಕ್ಕಳೇ ಮರುದಿನ ಶಾಲೆಗೆ ಬಂದು ಕರಿಹಲಗೆಯ ಹೂಜಿಯನ್ನು ಇಳಿಸುತ್ತಾರೆ. ಶಾಲೆಯೊಳಗಿನ ಕಲೆಗೂ ಹೊರಗಿನ ಕಲೆಗೂ ಪರಿಚಯ ಮಾಡಿಸಿಕೊಡುವುದಕ್ಕೆ ಯಾವ ಸರಕಾರದ ಅಪ್ಪಣೆ ಬೇಕು?

ವೆಚ್ಚದ ಪ್ರಶ್ನೆ ಉಳಿಯಿತು. 1938ರ ಹರಿಪುರ ಕಾಂಗ್ರೆಸ್ಸಿಗಾಗಿ ಮಹಾತ್ಮಾಜಿಯವರ ಕೋರಿಕೆಯಂತೆ ನಂದಲಾಲರು 80ಕ್ಕೂ ಮಿಕ್ಕ ಚಿತ್ರಗಳನ್ನು ಸಿದ್ಧಪಡಿಸಿದಾಗ, ಮಣ್ಣಿನ ಬಣ್ಣಗಳನ್ನು ಬಳಸಿದರು. ಆಚಾರ್ಯರಿಗೆ ಸಾಕಾದ ಬಣ್ಣ ನಮ್ಮ ಮಕ್ಕಳಿಗೆ ಸಾಲದೆ? ಕೆಮ್ಮಣ್ಣು, ಸುಣ್ಣ, ಇದ್ದಿಲು, ಅರಿಸಿನ, ಸ್ವಲ್ಪ ಅಂಟು. ಜಜ್ಜಿದ ಹಸಿಕಡ್ಡಿಯ ತುದಿಯೇ ಕುಂಚ. ಶಾಲಾನುದಾನದಲ್ಲಿ ಇದಕ್ಕೆ ಬೀಳುವ ಖರ್ಚು ಲೆಕ್ಕ ತನಿಖೆಯವರ ಕಣ್ಣಿಗೂ ಬೀಳದು. ನಾವು ಕೇಳುವುದು ಹಣಕ್ಕಿಂತ ಹೆಚ್ಚಾಗಿ ವೇಳೆಯನ್ನು: 1ರಿಂದ 5ನೆಯ ತರಗತಿಗಳಿಗೆ ವಾರದಲ್ಲಿ ಒಂದು ದಿನ, ಬೆಳಗಿನ ಹೊತ್ತು, ಎರಡು ಅವಧಿಗಳು ಒಂದಕ್ಕೊಂದು ಹೊಂದಿಕೊಂಡು ಬರುವಂತೆ. ಒಂದೇ ಅವಧಿ ಸಾಲದು. ತಟ್ಟೆ ತೊಳೆದು, ಕಡ್ಡಿಗಳನ್ನು ಒಣಗಲಿಟ್ಟು, ನೆಲ ಒರೆಸುವುದಕ್ಕೇ ಕಾಲು ಗಂಟೆ ಹಿಡಿಯುತ್ತದೆ. ಬರೆಯುವಾಗ ಹುಟ್ಟಿದ ಜಗಳಗಳಲ್ಲಿ ಅರ್ಧಕ್ಕರ್ಧ ಬಗೆಹರಿಯುವುದು ನೀರಿನ ತೊಟ್ಟಿಯ ಬಳಿಯಲ್ಲಿಯೇ.